ಸುಳ್ಳು ನಾಲ್ಕು

೯ ನವೆಂಬರ್ ೧೯೮೯, ಗುರುವಾರ. ಗೋರೆಗಾಂವ್. ಕೂರಲಾಗದೆ, ಕಪಾಟಿನ ಮೇಲೆ ಪುಸ್ತಕವಿಟ್ಟು ನಿಂತೇ ಬರೆಯುತ್ತಿದ್ದೇನೆ.

ಬೆನ್ನುನೋವಿಗೆಂದು, ಮೂಳೆ ಡಾಕ್ಟರ ಸಲಹೆಯಂತೆ, ಮೂರು ತಿಂಗಳಿಂದ ವಾರಕ್ಕೊಮ್ಮೆ ಮನಃಶಾಸ್ತ್ರಜ್ಞೆ ಡಾಕ್ಟರ್ ಬರ್ವೆ ಅವರಲ್ಲಿಗೆ ಹೋಗುತ್ತಿದ್ದೇನೆ. ನೋವಿಗೆ ದಿನವೂ ಹತ್ತರೊಳಗೆ ಅಂಕ ಹಾಕಿ ತೋರಿಸಬೇಕು. ಇವತ್ತು ಹಾಳೆ ನೋಡಿ ಮುಖವರಳಿಸಿದರು. “ಎಕ್ಸಲೆಂಟ್, ಮಿಸ್ಟರ್ ಹಿರೇಮಠ! ಒಂದು ತಿಂಗಳಿಂದ ನಾಲ್ಕು ದಾಟಿಲ್ಲ. ಮುಂದಿನ ಗುರುವಾರಕ್ಕೆ ಈ ಭೇಟಿಗಳನ್ನು ಮುಗಿಸೋಣ.” ಥ್ಯಾಂಕ್ಸ್ ಹೇಳಿ ಎದ್ದು ಬಂದೆ.

ಆ ನಾಲ್ಕುಗಳೆಲ್ಲ ಸುಳ್ಳು. ಏಳು, ಎಂಟು ಇದ್ದ ದಿನವೂ ನಾಲ್ಕೆಂದೇ ಬರೆದೆ. ಅಷ್ಟು ಶ್ರದ್ಧೆಯಿಂದ ಕೇಳುವವರ ಎದುರು ಇನ್ನೂ ನೋವಿದೆ ಎಂದರೆ ಅವರನ್ನೇ ದೂರಿದಂತೆ ಅನ್ನಿಸಿತ್ತು. ಓದುವಾಗ ಅನುವಾದದಲ್ಲಿ ಒಂದು ಶಬ್ದ ಸಡಿಲವೆನಿಸಿದರೂ ಕಾದಂಬರಿಯನ್ನು ಮಡಚಿಡುವ ನಾನೇ ಹೀಗೆ ಬರೆದೆ.

ಹೆಂಡತಿ ನೀಲಾಗೆ ಹೇಳಿದರೆ ನಕ್ಕಳು. “ಬೀಗರ ಮನ್ಯಾಗ ಹೊಟ್ಟಿ ಹಸಿದಿದ್ರೂ ಸಾಕ್ರಿ ಅಂತ ಎಲಿಗೆ ಕೈ ಅಡ್ಡ ಹಿಡಿದಂಗ ಆತಲ್ರೀ! ಡಾಕ್ಟರ್ ಮುಂದ ಎಂಥಾ ಸಂಕೋಚ?”

ನನಗೆ ನಗು ಬರಲಿಲ್ಲ. ನೋವು ಹೋಗಿಲ್ಲ. ಆದರೆ ಅಲ್ಲಿ ಮಾತಾಡಿ ಬಂದ ಮೇಲೆ ಎರಡು ದಿನ, ನೋವಿನ ಜೊತೆಗೆ ಬರುವ ಹೆದರಿಕೆ ಇರುವುದಿಲ್ಲ. ನಿದ್ದೆ ಬರುತ್ತದೆ. ಲೋಕಲ್ ರೈಲಿನಲ್ಲಿ ನಿಂತೇ ಹತ್ತು ಪುಟ ಓದುತ್ತೇನೆ. ಉಳಿದ ದಿನಗಳಲ್ಲಿ ಕಂಬಿ ಹಿಡಿದು, ಫೋರ್ಟಿನ ಆಫೀಸಿನಲ್ಲಿ ಸಂಜೆಯವರೆಗೆ ಕೂರುವುದು ಹೇಗೆಂದು ಹೆದರುತ್ತಲೇ ಹೋಗುತ್ತೇನೆ. ಅಲ್ಲಿಗೆ ಹೋಗುವುದು ನಿಂತರೆ ವಾರದ ಏಳೂ ದಿನ ಹೀಗೆಯೇ.

ಈಗ ಎಂಟು. ಹಾಳೆಯಲ್ಲೂ ಹಾಗೆಂದೇ ಬರೆದಿದ್ದೇನೆ.

ಮುಂದಿನ ಗುರುವಾರ ಒಳಗೆ ಹೋದ ಕೂಡಲೇ ಸುಳ್ಳನ್ನು ಒಪ್ಪಿಕೊಳ್ಳಬೇಕು. ಅವರ ಮರಾಠಿಯಲ್ಲೇ ಹೇಳಬೇಕು. ಇಂಗ್ಲಿಷಿನಲ್ಲಿ ಶುರುಮಾಡಿದರೆ ಬರೀ ಮರ್ಯಾದೆಯ ಮಾತೇ ಬಾಯಿಗೆ ಬಂದು, ಮತ್ತೆ ಥ್ಯಾಂಕ್ಸ್ ಹೇಳಿ ಬಂದುಬಿಡುತ್ತೇನೆ.