ಮುಂದಿನ ಗೇಟಿಗೆ ಬಂದವನು

ಪುಂತಾ ಕೊಕಾಲ್, ಲಿಮೋನ್ ಪ್ರಾಂತ್ಯ
ಭಾನುವಾರ, 23 ಫೆಬ್ರವರಿ 1997

ನನ್ನ ಮುದ್ದು ಮಗ ಗ್ಲೆನ್‌ರಾಯ್‌ಗೆ,

ಹೇಗಿದ್ದೀಯಪ್ಪಾ? ಹಡಗಿನ ಅಡುಗೆಮನೆಯ ಸೆಕೆಗೆ ನಿನ್ನ ಬೆನ್ನ ಮೇಲೆ ಏಳುತ್ತಿದ್ದ ಬೆವರುಸಾಲೆ ವಾಸಿಯಾಯಿತೇ? ಕ್ರಿಸ್‌ಮಸ್‌ಗೆ ಕೊಲೋನ್‌ನಿಂದ ಹಾಕಿದ ಕಾರ್ಡಿನಲ್ಲಿ ಕೆಮ್ಮು ಬಿಡುತ್ತಿಲ್ಲ ಎಂದು ಬರೆದಿದ್ದೆ. ಶುಂಠಿ ಕುದಿಸಿ ಕುಡಿ, ಅಲ್ಲಿಯ ಸೀಸೆ ಔಷಧಿ ನಂಬಬೇಡ. ಈ ಕಾಗದವನ್ನು ಆ ಕಾರ್ಡಿನ ಮೇಲಿದ್ದ ವಸತಿಗೃಹದ ವಿಳಾಸಕ್ಕೇ ಹಾಕುತ್ತಿದ್ದೇನೆ. ನೀನು ಸಮುದ್ರದ ಮೇಲಿದ್ದರೂ ಅಲ್ಲಿಯ ಮನೆಯೊಡತಿ ಎತ್ತಿಟ್ಟಿರುತ್ತಾಳೆ ಅಂದುಕೊಂಡಿದ್ದೇನೆ. ಹೆಂಗಸಲ್ಲವೇ, ತಾಯಿಯ ಕೈಬರಹ ಯಾವುದು ಎಂದು ನೋಡಿದರೇ ಗೊತ್ತಾಗುತ್ತದೆ.

ನಾವು ಚೆನ್ನಾಗಿದ್ದೇವೆ. ನನ್ನ ಮಂಡಿ ಮಳೆ ಬರುವುದನ್ನು ರೇಡಿಯೋಗಿಂತ ಮೊದಲೇ ಹೇಳುತ್ತದೆ, ಅದೊಂದು ಬಿಟ್ಟರೆ ತೊಂದರೆಯಿಲ್ಲ. ಶನಿವಾರ ಶನಿವಾರ ಪಾನ್ ಬಾನ್ ಬ್ರೆಡ್ಡು ಸುಡುತ್ತೇನೆ, ಮಧ್ಯಾಹ್ನದೊಳಗೆ ಖಾಲಿ. ನಿಮ್ಮಪ್ಪನಿಗೆ ಮಾತ್ರ ಎರಡೂ ಕಣ್ಣಿಗೆ ಪೊರೆ ಬಂದಿದೆ. ಬೆಳಕು, ನೆರಳು, ಮುಂದೆ ಯಾರೋ ನಿಂತಿದ್ದಾರೆ ಎಂಬುದು, ಇಷ್ಟೇ ಕಾಣುವುದು. ಆದರೂ ಹಲಗೆ ರಿಪೇರಿ ಬಿಟ್ಟಿಲ್ಲ. ಅಲೆ ಹತ್ತುವ ಹಲಗೆಯ ಮೇಲೆ ಅಂಗೈ ಸವರಿ ಎಲ್ಲಿ ಬಿರುಕು ಬಿಟ್ಟಿದೆ ಎಂದು ಹೇಳಿಬಿಡುತ್ತಾರೆ. ಬಾಡಿಗೆಗೆ ಕೊಡುವ ಹಲಗೆಗಳೂ ಈಗ ಜಾಸ್ತಿಯಾಗಿವೆ. ಕೋಕೋ ತೋಟಕ್ಕೆ ರೋಗ ಬಿದ್ದು ಊರೆಲ್ಲ ಬಾಯಿ ಬಾಯಿ ಬಡಿದುಕೊಂಡ ಕಾಲದಲ್ಲಿ, ಈ ಹಾಳು ಅಲೆಗಳೇ ನಮಗೆ ಅನ್ನ ಹಾಕುತ್ತವೆ ಎಂದು ಯಾರಾದರೂ ಹೇಳಿದ್ದರೆ ನಗುತ್ತಿದ್ದೆವು.

ನೀನು ಹೋದ ಮೇಲೆ ಟೂರಿಸ್ಟರು ಎಷ್ಟು ಹೆಚ್ಚಾಗಿದ್ದಾರೆ ಅಂತೀಯ! ಪಾಪ, ಒಳ್ಳೆಯ ಮಕ್ಕಳೇ. ಆದರೆ ಗೇಟಿನ ಹೊರಗೆ ನಿಂತು ‘ಊಪೇ’ ಎಂದು ಕೂಗಬೇಕು ಅನ್ನುವುದನ್ನು ಅವರ ತಾಯಂದಿರು ಕಲಿಸಿಲ್ಲ. ನೆರೆಹೊರೆಯವರು ಊಪೇ ಅನ್ನುತ್ತಾರೆ. ಮನೆಯ ಮಕ್ಕಳು ಅದನ್ನೂ ಅನ್ನದೆ ಹಿತ್ತಲಿಂದ ಬಂದು, ಅಡುಗೆಮನೆಯ ಬಾಗಿಲು ದೂಡಿ, ಮೊದಲು ಪಾತ್ರೆಯ ಮುಚ್ಚಳ ಎತ್ತಿ ನೋಡುತ್ತಾರೆ. ನಿನಗೆ ಇದನ್ನು ನಾನು ಹೇಳಬೇಕೇ, ಎಷ್ಟು ಮುಚ್ಚಳದಲ್ಲಿ ಕೈ ಸುಟ್ಟುಕೊಂಡಿಲ್ಲ ನೀನು! ಟೂರಿಸ್ಟರು ಮಾತ್ರ ಗೇಟು ತೆರೆದು ಸುಮ್ಮನೆ ನಿಂತುಬಿಡುತ್ತಾರೆ. ಕಣ್ಣು ಹೋದ ಮೇಲೆ ನಿಮ್ಮಪ್ಪನಿಗೆ ಅದೇ ಗುರುತು. ಗೇಟು ಕಿರ್ ಎಂದು ಆಮೇಲೆ ಸದ್ದೇ ಇಲ್ಲ ಅಂದರೆ ಟೂರಿಸ್ಟ್.

ಬಂದವರೆಲ್ಲ ಕೇಳುವುದು ಒಂದೇ ಪ್ರಶ್ನೆ, ಈ ಊರಿನಲ್ಲಿ ಮಾಡುವುದಕ್ಕೆ ಏನೇನಿದೆ ಅಂತ. ನಿಮ್ಮಪ್ಪನ ಉತ್ತರ ಊರಿಗೆಲ್ಲ ಬಾಯಿಪಾಠ. “ಬೆಳಿಗ್ಗೆ ಮಿಸ್ ಲಿಯೋನಿ ಹತ್ರ ಮಾಂಸದ ಖಾರ ಕಡುಬು ತಿನ್ನಿ, ಬಿಸಿ ಇರೋವಾಗ್ಲೇ. ಆಮೇಲೆ ಒಂದು ಸೈಕಲ್ ತಗೊಳ್ಳಿ. ಬ್ರೇಕ್ ಇರಲ್ಲ, ನಿಮಗೆ ಕಾಲಿದೆಯಲ್ಲ. ದಾರೀಲಿ ಮರಕ್ಕೆ ತಲೆಕೆಳಗಾಗಿ ಜೋತುಬಿದ್ದಿರೋ ಸೋಮಾರಿ ಪ್ರಾಣಿ ನೋಡಿ. ಸಂಜೆ ವಾಪಸ್ ಬರೋವಾಗ ಇನ್ನೊಂದ್ಸಲ ನೋಡಿ, ಅಲ್ಲೇ ಇರತ್ತೆ.” ಇಷ್ಟೇ. ನಾಲ್ಕನೆಯ ಮಾತು ಕೇಳಿದರೆ “ಬಂದಿರೋದು ಸುಮ್ಮನೆ ಇರೋಕೆ ತಾನೇ, ಇರಿ” ಎಂದು ಉಜ್ಜುಕಾಗದ ತೆಗೆದುಕೊಂಡು ಹಲಗೆ ತಿಕ್ಕುತ್ತಾ ಕೂರುತ್ತಾರೆ.

ಹೋದ ಗುರುವಾರ ನಾನು ಲಿಮೋನಿಗೆ ಹೋಗಿದ್ದೆ, ನಿಮ್ಮಪ್ಪನ ಕಣ್ಣಿನ ಆಪರೇಷನ್ನಿಗೆ ಸರದಿ ಕೇಳಲು. ಡಿಸೆಂಬರಿನಲ್ಲಿ ಬನ್ನಿ ಅಂದರು. ಬರುವಾಗ ಮೈದಾಹಿಟ್ಟಿನ ಚೀಲ, ಮೊಟ್ಟೆ, ಎಲ್ಲ ಹೊತ್ತುಕೊಂಡು ಸಾಯಂಕಾಲದ ಬಸ್ಸಿನಲ್ಲಿ ಇಳಿದೆ. ಮನೆಗೆ ಬಂದರೆ ಇವರು ಜಗುಲಿಯಲ್ಲಿ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಏನು ತಂದೆ ಎಂದು ಕೇಳಲಿಲ್ಲ. ಡಾಕ್ಟರು ಏನೆಂದರು ಎಂದೂ ಕೇಳಲಿಲ್ಲ. “ಒಬ್ಬ ಟೂರಿಸ್ಟ್ ಬಂದಿದ್ದ” ಅಂದರು, ಅಷ್ಟೇ. ನಾನು ಒಳಗೆ ಹೋಗುತ್ತಾ ಗೋಡೆಯ ಕಡೆ ನೋಡಿದೆ. ಬಾಡಿಗೆಗೆ ಹೋಗಿ ಬಂದ ನೀಲಿ ಹಲಗೆ ಅಂಗಳದ ದೀವಿಹಲಸಿನ ಮರದ ನೆರಳಿನಲ್ಲಿ, ಮೇಣ ಹಚ್ಚಿದ ಮುಖ ಗೋಡೆಗೆ ಮಾಡಿಕೊಂಡು ನಿಂತಿತ್ತು. ಒಯ್ದವನೇ ಅದನ್ನು ಪೀಪಾಯಿಯ ಸಿಹಿನೀರಿನಲ್ಲಿ ತೊಳೆದಿದ್ದ, ನೀರು ಮೊಗೆಯುವ ಚಿಪ್ಪನ್ನು ತಿರುಗಾ ಮೊಳೆಗೆ ನೇತುಹಾಕಿದ್ದ. ಟೂರಿಸ್ಟರು ಹಲಗೆಯನ್ನು ಬಿಸಿಲಿಗೇ ಬಿಸಾಕಿ ಹೋಗುತ್ತಾರೆ, ಮೇಣ ಕರಗಿ ನೊಣ ಮುತ್ತುತ್ತದೆ. ಹಾಗೆ ನಿಲ್ಲಿಸುವುದನ್ನು ಈ ಮನೆಯಲ್ಲಿ ಪೆಟ್ಟು ತಿಂದು ಕಲಿತವರು ಒಬ್ಬರೇ. ಆದರೂ ನನಗೆ ಆಗ ಹೊಳೆಯಲಿಲ್ಲ. ಯಾರೋ ಬುದ್ಧಿ ಇರುವವನು ಎಂದುಕೊಂಡು ಒಲೆ ಹಚ್ಚಿದೆ.

ಮಾರನೆಯ ದಿನ ಮಿಸ್ ಲಿಯೋನಿ ಸಿಕ್ಕಳು. ಅವಳು ನಮ್ಮ ಗೇಟಿನೆದುರು ಬಾದಾಮಿ ಮರದ ಕೆಳಗೆ ಕಡುಬು ಮಾರುತ್ತಾಳೆ. ಭೂಕಂಪ ಆದಮೇಲೆ ಬಂದು ನೆಲೆಸಿದವಳು, ನಿನ್ನನ್ನು ಕಂಡವಳಲ್ಲ. “ನಿಮ್ಮೆಜಮಾನ್ರಿಗೆ ನಿನ್ನೆ ಏನಾಗಿತ್ತು ಮಿಸ್ ಇಸಿಲ್ಡಾ, ಹಲ್ಲುನೋವಿನ ಮಾತ್ರೆ ಜಾಸ್ತಿಯಾಗಿತ್ತಾ?” ಎಂದು ನಕ್ಕಳು. “ಗಡ್ಡದವನೊಬ್ಬ, ಟೋಪಿ ಹಾಕ್ಕೊಂಡು ಗೇಟಲ್ಲಿ ನಿಂತಿದ್ದ. ಸ್ಪ್ಯಾನಿಷಲ್ಲಿ ಕೇಳ್ದ, ಯಜಮಾನ್ರೇ, ಇಲ್ಲಿ ಮಾಡೋಕೆ ಏನೇನಿದೆ ಅಂತ. ಕಡುಬು, ಸೈಕಲ್ಲು, ಸೋಮಾರಿ, ಮೂರೂ ಆಯ್ತು. ಮುಗೀತಲ್ಲ ಅಂದ್ಕೊಂಡೆ. ಎಲ್ಲಿ! ಮುದುಕ ಉಸಿರೇ ತಗೊಳ್ಳಲ್ಲ. ಕಟ್ಟೆ ಕೆಳಗೆ ಮೀನು ಎಲ್ಲಿ ಕಚ್ಚತ್ತೆ, ಹಳೇ ಶಾಲೆ ಹಿಂದೆ ಸೀಬೆ ಮರ ಇನ್ನೂ ಇದೆ, ಡಾಮಿನೋ ಆಟಕ್ಕೆ ಯಾರ್ಯಾರು ಉಳಿದಿದ್ದಾರೆ, ಭಾನುವಾರ ಈ ಮನೇಲಿ ಮೀನಿನ ರೊಂಡೊನ್ ಮಾಡ್ತಾರೆ, ತೆಂಗಿನಹಾಲು ದಪ್ಪಗೆ ಹಾಕ್ತಾರೆ. ನನ್ನ ಕಡುಬೆಲ್ಲ ಖಾಲಿಯಾದ್ರೂ ಇವರ ಮಾತು ಖಾಲಿಯಾಗ್ಲಿಲ್ಲ! ಅವನೂ ಪಾಪ, ತಲೆ ತಗ್ಗಿಸ್ಕೊಂಡು ಹೂಂ ಹೂಂ ಅಂತ ನಿಂತಿದ್ದ, ಮೇಷ್ಟ್ರ ಮುಂದೆ ನಿಂತ ಹಾಗೆ.”

ನಾನು ನಗಲು ಹೊರಟವಳು ಅಲ್ಲೇ ನಿಂತೆ. ಏಕೆಂದರೆ ಅವಳು ಇನ್ನೂ ಎರಡು ಮಾತು ಹೇಳಿದಳು. ಒಂದು, ಹಳೆಯ ಕಂಡಿಯ ಮಾತು. ಮುಳುಗಿದ ದೋಣಿಯ ಪಕ್ಕದಲ್ಲಿ ಹವಳದ ಬಂಡೆಗಳ ನಡುವೆ ನಾವು ಸಮುದ್ರಕ್ಕೆ ಇಳಿಯುತ್ತಿದ್ದೆವಲ್ಲ, ಆ ಸಂದು. ಅದು ಈಗಿನ ಯಾವ ಟೂರಿಸ್ಟನಿಗೂ ಗೊತ್ತಿಲ್ಲ, ಅದನ್ನು ಅವರಿಗೆ ಯಾರೂ ಹೇಳುವುದೂ ಇಲ್ಲ. ಇವರು ಕೈ ಎತ್ತಿ ಎತ್ತಿ ಹೇಳಿದರಂತೆ: “ಹಳೇ ಕಂಡೀಲಿ ಇಳೀಬೇಡಿ. ಭೂಕಂಪದಲ್ಲಿ ಬಂಡೆ ಮೇಲೆದ್ದಿದೆ, ಒಂದು ಮೊಳ ನೀರಿಲ್ಲ, ಎದೆ ಸೀಳಿಹೋಗತ್ತೆ. ಕಪ್ಪು ಮರಳಿನ ಕಡೆಯಿಂದ ಇಳೀರಿ. ಕೇಳಿಸ್ತಾ? ಕಪ್ಪು ಮರಳಿನ ಕಡೆಯಿಂದ.” ನೀನು ಊರು ಬಿಟ್ಟದ್ದು ಭೂಕಂಪಕ್ಕೆ ಮುಂಚೆ. ಬಂಡೆ ಎದ್ದದ್ದು ನಿನಗೆ ಗೊತ್ತಿರಲು ಸಾಧ್ಯವಿರಲಿಲ್ಲ. ಇನ್ನೊಂದು ಮಾತು, ಗುಡ್ಡದ ಮೇಲಿನ ಸ್ಮಶಾನಕ್ಕೆ ಹೋಗಿಬನ್ನಿ ಎಂದರಂತೆ. “ಅಲ್ಲಿ ನಮ್ಮಮ್ಮ ಮಲಗಿದ್ದಾಳೆ. ಸುಣ್ಣ ಹೊಡೆಸಿದ್ದೀನಿ. ಯಾರು ಯಾವಾಗ ಬಂದ್ರೂ ಅವಳಿಗೆ ಸಂತೋಷವೇ, ತಡವಾಯ್ತು ಅಂತ ಅವಳೇನೂ ಅಂದ್ಕೊಳ್ಳಲ್ಲ.” ಲಿಯೋನಿಗೆ ಇದು ದೊಡ್ಡ ತಮಾಷೆ. ಟೂರಿಸ್ಟನನ್ನು ಯಾರಾದರೂ ಸಮಾಧಿ ನೋಡಲು ಕಳಿಸುತ್ತಾರೆಯೇ ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನು ಅವಳ ಬುಟ್ಟಿಯ ಪಕ್ಕದಲ್ಲೇ ಕೂತುಬಿಟ್ಟೆ.

ಶನಿವಾರ ಗುಡ್ಡ ಹತ್ತಿದೆ. ಅಜ್ಜಿಯ ತಲೆಯ ಬಳಿ ಕೋಲಾ ಸೀಸೆಯಲ್ಲಿ ಕೆಂಪು ದಾಸವಾಳ ಇಟ್ಟಿತ್ತು. ಬಾಡಿತ್ತು, ಆದರೆ ಸೀಸೆಯಲ್ಲಿ ನೀರು ಇನ್ನೂ ಇತ್ತು. ಅಜ್ಜಿ ಕಿವಿಗೆ ಸಿಕ್ಕಿಸಿಕೊಳ್ಳುತ್ತಿದ್ದ ಹೂವು ಯಾವುದೆಂದು ನೆನಪಿಟ್ಟುಕೊಂಡಿರುವ ಟೂರಿಸ್ಟ್ ಯಾರಿದ್ದಾರೆ, ಹೇಳು ನೋಡೋಣ.

ಗ್ಲೆನ್‌ರಾಯ್, ಅಜ್ಜಿ ಹೋದಾಗ ನೀನು ನಡುನೀರಿನಲ್ಲಿದ್ದೆ. ಒಂಬತ್ತನೆಯ ದಿನದ ಪ್ರಾರ್ಥನೆ, ಊಟ ಎಲ್ಲ ಮುಗಿದ ಮೇಲೆ ಅಂಗಡಿಯ ಫೋನಿಗೆ ನಿನ್ನ ಕರೆ ಬಂತು. ಆಗ ನಿಮ್ಮಪ್ಪ “ಇನ್ನು ಬಂದು ಏನ್ ಮಾಡ್ತೀಯ, ಅಲ್ಲೇ ಇದ್ಬಿಡು” ಎಂದದ್ದನ್ನು ನಾನೂ ಕೇಳಿದೆ, ಅಂಗಡಿಯಲ್ಲಿದ್ದವರೂ ಕೇಳಿದರು. ತಾಯಿಯನ್ನು ಹೂತು ಬಂದವನ ಬಾಯಲ್ಲಿ ಬಂದ ಮಾತು ಅದು. ನೀನು ಅದನ್ನೇ ಗಂಟು ಕಟ್ಟಿಕೊಂಡು ಊರೂರು ತಿರುಗಿದೆ, ಇವರು ಅದನ್ನು ವಾಪಸು ತೆಗೆದುಕೊಳ್ಳಲು ಬಾಯಿ ಬಾರದೆ ಒಳಗೇ ಬೆಂದರು. ನಾನು ಇಬ್ಬರ ನಡುವೆ ಕಾರ್ಡು ಓದಿ ಹೇಳುವ ಪೋಸ್ಟ್‌ಮ್ಯಾನ್ ಆದೆ.

ಈಗ ನನ್ನ ಪಾಡು ಹೇಳುತ್ತೇನೆ, ಕೇಳು. ಗುರುವಾರ ನಾನು ಇಳಿದ ಬಸ್ಸು ಗಡಿಯ ಕಡೆಗೆ ಹೋಗುವ ಬಸ್ಸು, ಕೊಲೋನ್‌ಗೆ ಹೊರಟವರು ಹತ್ತುವುದು ಅದನ್ನೇ. ಬಾಗಿಲಲ್ಲಿ ನಾನು ಕಂಡಕ್ಟರನ ಜೊತೆ ಜಗಳವಾಡುತ್ತಿದ್ದೆ, ಮೊಟ್ಟೆ ಒಡೆದದ್ದಕ್ಕೆ. ಹತ್ತಲು ನಿಂತಿದ್ದವರಲ್ಲಿ ಒಬ್ಬ ಮುಂದೆ ಬಂದು ನನ್ನ ಹಿಟ್ಟಿನ ಚೀಲ ಇಳಿಸಿ ಕೊಟ್ಟ. ಚೀಲವನ್ನು ಕೆಳಗಿಡದೆ, ನನ್ನ ಕೈ ಸರಿಯಾಗಿ ಹಿಡಿದುಕೊಳ್ಳುವವರೆಗೂ ತಾನೂ ಹಿಡಿದುಕೊಂಡೇ ಇದ್ದ. ನಾನು ಮೊಟ್ಟೆ ನೋಡುತ್ತಿದ್ದೆ. ತಲೆ ಎತ್ತಲಿಲ್ಲ. “ದೇವರು ಒಳ್ಳೇದು ಮಾಡ್ಲಿ ಸ್ವಾಮಿ” ಎಂದೆ, ದಾರಿಹೋಕನಿಗೆ ಅನ್ನುವ ಹಾಗೆ. ನಿನಗೆ. ಹೆತ್ತು, ಹೊತ್ತು, ಈ ಕೈಯಿಂದ ತಲೆಗೆ ಎಣ್ಣೆ ಒತ್ತಿದ ನಿನಗೆ! ನಿಮ್ಮಪ್ಪನಿಗಾದರೂ ಕಣ್ಣಿಗೆ ಪೊರೆ ಬಂದಿದೆ. ನನ್ನ ಕಣ್ಣಿಗೆ ಏನು ಬಂದಿತ್ತು? ನಾಲ್ಕು ಮೊಟ್ಟೆಗೋಸ್ಕರ ಮಗನ ಮುಖ ನೋಡದೆ ಹೋದೆನಲ್ಲ ಎಂದು ಮೂರು ದಿನದಿಂದ ಹಿಟ್ಟು ನಾದುವಾಗಲೂ ಅಳು ಬರುತ್ತದೆ. ನಾನು ಎದ್ದು ಬಂದ ಸೀಟಿನಲ್ಲೇ ನೀನು ಕೂತಿರಬೇಕು.

ನಿನ್ನ ಮೇಲೂ ನನಗೆ ಸಿಟ್ಟಿದೆ, ಅದನ್ನೂ ಬರೆದುಬಿಡುತ್ತೇನೆ. ನಿನಗೂ ಬಾಯಿರಲಿಲ್ಲವೇ ಮಗನೇ? ಅಮ್ಮಾ ಎಂಬ ಎರಡಕ್ಷರಕ್ಕೆ ಎಷ್ಟು ಉಸಿರು ಬೇಕು? ಮನೆಯ ಮಾತು ಬಿಟ್ಟು ಸ್ಪ್ಯಾನಿಷ್ ಆಡಿಕೊಂಡು, ಹಿತ್ತಲ ದಾರಿ ಬಿಟ್ಟು ಮುಂದಿನ ಗೇಟಿಗೆ ಬಂದು, ಊಪೇ ಎಂದೂ ಕೂಗದೆ ಪರದೇಶಿಯ ಹಾಗೆ ನಿಂತೆಯಲ್ಲ. ಮಗನಾಗಿ ಒಳಗೆ ಬರಲು ಹಕ್ಕಿಲ್ಲ ಅಂದುಕೊಂಡೆಯಾ? ನೆರೆಯವನ ಹಾಗೆ ಕೂಗಲೂ ಮನಸ್ಸು ಬರಲಿಲ್ಲವಾ? ಅಪ್ಪ ನನ್ನನ್ನು ಗುರುತಿಸಲಿಲ್ಲ ಎಂದುಕೊಂಡೇ ಬಸ್ಸು ಹತ್ತಿರುತ್ತೀಯ. ನನಗೆ ಎಲ್ಲಕ್ಕಿಂತ ನೋವಾಗುವುದು ಅದಕ್ಕೆ. ನೀನೇ ಯೋಚಿಸು, ಗುರುತು ಸಿಗದವನಿಗೆ ಯಾರಾದರೂ ಹಳೆಯ ಕಂಡಿಯ ಸುದ್ದಿ ಹೇಳುತ್ತಾರೆಯೇ? ಆದರೆ ಇವರ ಬಾಯಿಂದ ನಾನು ಇದನ್ನು ಕೇಳಿಲ್ಲ. ಗುರುವಾರದಿಂದ ಬೆಳಗಾದರೆ ಇಸ್ತ್ರಿ ಅಂಗಿ ಹಾಕಿಕೊಂಡು ಜಗುಲಿಯಲ್ಲಿ ಕೂರುತ್ತಾರೆ, ಗೇಟು ಸದ್ದಾದರೆ ಕತ್ತು ನೆಟ್ಟಗಾಗುತ್ತದೆ. ನನಗೆ ಕೇಳಲು ಧೈರ್ಯ ಬರುತ್ತಿಲ್ಲ. ಇಲ್ಲ, ಗೊತ್ತಿರಲಿಲ್ಲ ಎಂದುಬಿಟ್ಟರೆ?

ಮೈ ಕಡೆ ನೋಡಿಕೋ. ಶುಂಠಿ ಮರೆಯಬೇಡ. ರೊಂಡೊನ್ ಒಲೆಯ ಮೇಲಿದೆ, ಹಾಲು ಒಡೆಯುವ ಮುಂಚೆ ಏಳಬೇಕು. ನಿನ್ನ ತಲೆಯ ಮೇಲೆ ನನ್ನ ಎರಡೂ ಕೈ ಇಟ್ಟು ಹರಸಿದ್ದೇನೆ ಎಂದುಕೋ. ಬಸ್ಸಿನ ಬಾಗಿಲಲ್ಲಿ ಅಂದ ಮಾತನ್ನೇ ಈಗ ನಿನ್ನ ಹೆಸರು ಹಿಡಿದು ಅನ್ನುತ್ತೇನೆ: ಗ್ಲೆನ್‌ರಾಯ್, ದೇವರು ನಿನಗೆ ಒಳ್ಳೆಯದು ಮಾಡಲಿ.

ನಿನ್ನ ಅಮ್ಮ,
ಇಸಿಲ್ಡಾ

ತಾ.ಕ.: ಕಾಗದ ಮಡಿಸುತ್ತಿದ್ದೆ, ಹಿತ್ತಲಿಂದ ಟಕ್ ಟಕ್ ಎಂದು ಸದ್ದು ಬಂತು. ಭಾನುವಾರ ಸುತ್ತಿಗೆ ಮುಟ್ಟದ ಮನುಷ್ಯ ಅಡುಗೆಮನೆಯ ಬಾಗಿಲಿನ ಅಗುಳಿಯನ್ನು ತಡವಿ ತಡವಿ ಕಿತ್ತುಹಾಕುತ್ತಿದ್ದಾರೆ! ಇದೇನ್ರೀ ಎಂದರೆ, “ಅವನಿಗೇ ತಾನೇ ಬರೀತಿರೋದು? ಇದನ್ನೂ ಸೇರಿಸು. ಯಜಮಾನ್ರೇ ಅಂದಾಗ್ಲೇ ನಂಗೆ ಗೊತ್ತಾಯ್ತು. ಹೆಸರು ಹಿಡಿದು ಕರೆದ್ರೆ ಎಲ್ಲಿ ಹೊರಟುಬಿಡ್ತಾನೋ ಅಂತ ಮಾತಾಡ್ತಾ ಹೋದೆ. ಮಾತು ಮುಗೀತು, ಅವನು ಹೋದ. ಈ ಊರಲ್ಲಿ ಮಾಡೋಕೆ ಇನ್ನೊಂದಿದೆ, ಅದನ್ನ ಹೇಳೋದು ಬಿಟ್ಟುಹೋಯ್ತು ಅಂತ ಬರಿ. ಹಿತ್ತಲಿಂದ ಬಂದು ಪಾತ್ರೆ ಮುಚ್ಚಳ ಎತ್ತಿ ನೋಡೋದು” ಅಂದರು.