ನಮ್ಮ ಬುತ್ತಿ ಉಂಡು ಕಟ್ಟಿದ ಕಂಪನಿಯ ಒಡ್ಡು

ಹೊಳೆಗಳಿಗೆ ಪರವಾನಗಿ ಕೊಡುವ ಮಾನ್ಯ ಅಧಿಕಾರಿಗಳೇ,

ನಮ್ಮೂರ ಹೊಳೆಯನ್ನು ಖಾಸಗಿ ವಿದ್ಯುತ್ ಕಂಪನಿಗೆ ಕೊಡಲು ನೂಲ ಗ್ರಾಮದ ಜನರೇ ಒಪ್ಪಿದ್ದಾರೆಂದು ನಮ್ಮ ದೂರಿಗೆ ತಾವು ಉತ್ತರ ಬರೆದಿದ್ದೀರಿ. ಪುರಾವೆ: ನೂರಾ ಹದಿನೆಂಟು ಹೆಬ್ಬೆಟ್ಟು, ಒಂದು ಸಹಿ. ಆ ಸಹಿ ನನ್ನದು. ತಪ್ಪನ್ನು ಊರ ಮುಂದೆ ಮಾಡಿದೆ, ಆದ್ದರಿಂದ ಪತ್ರಿಕೆಯಲ್ಲೇ ಒಪ್ಪಿಕೊಳ್ಳುತ್ತಿದ್ದೇನೆ.

ದೀಪಾವಳಿ ಮುಗಿದ ವಾರ ನಾವು ಹೊಳೆಗೆ ಮಣ್ಣಿನ ಒಡ್ಡು ಹಾಕುತ್ತೇವೆ. ಮನೆಗೊಂದು ಆಳು, ಬುತ್ತಿ ಅವರವರದು. ಮೃಗಶಿರಾ ಮಳೆಗೆ ಮುಂಚೆ ಕಟ್ಟಿದವರೇ ಒಡೆಯುತ್ತಾರೆ. ಕೆಲಸಕ್ಕೆ ಬರುತ್ತೇವೆಂದು ಚಾವಡಿಯಲ್ಲಿ ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತುವುದು ರೂಢಿ. ಅದನ್ನು ನಮ್ಮಪ್ಪನ ಕಾಲದಿಂದ ಯಾರೂ ಓದಿಲ್ಲ. ಓದಿದರೆ ಊರನ್ನೇ ಅನುಮಾನಿಸಿದಂತೆ. ಹೋದ ವರ್ಷ ಅದೇ ವಾರ ಕೋಟು ತೊಟ್ಟ ಗೃಹಸ್ಥರೊಬ್ಬರು ಚಾವಡಿಯಲ್ಲಿ ಕಾಗದ, ಮಸಿ ಇಟ್ಟುಕೊಂಡು ಕೂತರು. ಯಾವ ಕಾಗದವೆಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಊರವರು ಹೆಬ್ಬೆಟ್ಟು ಒತ್ತಿದರು, ನಾನು ಸಹಿ ಹಾಕಿದೆ.

ಮರುದಿನ ರೊಟ್ಟಿ, ಝುಣಕ ಕಟ್ಟಿಕೊಂಡು ಹೊಳೆಗೆ ಇಳಿದರೆ ಕಲ್ಲು, ಸಿಮೆಂಟು ಸಿದ್ಧವಾಗಿದ್ದವು. "ಈ ವರ್ಸ ಕಲ್ಲಿನ ಒಡ್ಡು ಅಂತ, ಭಾಳ ಚಲೋ ಆತ್ರಿ" ಎಂದು ನೆರೆಮನೆಯ ಭೀಮಗೊಂಡ ಹಿಗ್ಗಿದ. ನಾಲ್ಕು ದಿನ ಪುಕ್ಕಟೆ ಕಲ್ಲು ಹೊತ್ತೆವು. ಕೂಲಿ ಕೇಳದ ಕೂಲಿಗಳನ್ನು ಕಂಡು ಕಂಪನಿಯ ಕಂತ್ರಾಟದಾರರು ಕೊನೆಯ ದಿನ ಚಹಾ ಕುಡಿಸಿದರು. ಅಷ್ಟು ಉಪಕಾರವನ್ನು ನಾವು ಮರೆಯುವವರಲ್ಲ.

ಈಗ ಕಂಪನಿ ಹಗಲೆಲ್ಲ ನೀರು ತಡೆದು ಸಂಜೆ ಕರೆಂಟಿಗಾಗಿ ಒಮ್ಮೆಲೇ ಬಿಡುತ್ತದೆ, ಅದು ಹೊಲಕ್ಕೆ ದಕ್ಕದೆ ಹರಿದುಹೋಗುತ್ತದೆ. ತಂತಿ ನಮ್ಮ ಮಾಳಿಗೆಗಳ ಮೇಲೆ ಹಾದು ಇಚಲಕರಂಜಿಗೆ ಹೋಗುತ್ತದೆ. ಅಲ್ಲಿಯ ಮಗ್ಗಗಳು ನಡೆಯಲಿ, ನಮ್ಮ ಅಳಿಯಂದಿರೇ ಅಲ್ಲಿದ್ದಾರೆ. ಆದರೆ ಒಡ್ಡಿನ ಕೆಳಗೆ ಬಾಳವ್ವನ ಮೆಣಸಿನ ಗಿಡಗಳು ಒಣಗುತ್ತಿವೆ. ಅವಳಿಗೆ ಇರುವುದೇ ಆ ಅರ್ಧ ಎಕರೆ. ಮೊನ್ನೆ ಅವಳು ನನ್ನನ್ನು ತಡೆದು ಕೇಳಿದಳು: "ಸಿದ್ರಾಮಣ್ಣಾ, ನೀ ಸಾಳಿ ಕಲತಾಂವ. ಹೊಳಿ ಕೊಡೂ ಕಾಗದಾ ನಿನಗ ಓದಾಕ ಬರಲಿಲ್ಲೇನ?"

ಸ್ವಾಮಿ, ಹೊಳೆಯನ್ನು ಹೆಬ್ಬೆಟ್ಟಿನಿಂದ ಕೊಡುವುದಾದರೆ ನಾಳೆ ಗಾಳಿಗೂ ಕಾಗದ ತರುತ್ತೀರಾ? ಕರೆಂಟು ಬೇಡವೆಂದು ಯಾರು ಹೇಳಿದರು? ಸರ್ಕಾರವೇ ಮಾಡಲಿ. ಆಗ ಐದು ವರ್ಷಕ್ಕೊಮ್ಮೆಯಾದರೂ ಬೈಯಲು ಒಬ್ಬ ಮನುಷ್ಯ ಸಿಗುತ್ತಾನೆ. ಕಂಪನಿಯ ಗೇಟಿನಲ್ಲಿ ಸಿಗುವುದು ನಾಯಿ.

ಆ ಒಪ್ಪಿಗೆಯನ್ನು ರದ್ದು ಮಾಡಿ, ಒಡ್ಡನ್ನು ಸರ್ಕಾರದ ವಶಕ್ಕೆ ತೆಗೆದುಕೊಂಡು, ಹಗಲು ಹೊಲಗಳಿಗೆ ನೀರು ಬಿಡಿಸಿ. ಬೇಗ ಮಾಡಿ, ಮೃಗಶಿರಾ ಮಳೆ ಹತ್ತಿರ ಬಂತು. ಚಾವಡಿಯಲ್ಲಿ ಜನ ಮತ್ತೊಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದಾರೆ. ಕಟ್ಟಿದವರೇ ಒಡೆಯಬೇಕೆಂಬ ರೂಢಿಯ ಕಾಗದ ಅದು. ಈ ಸಲ ಪೂರ್ತಿ ಓದಿಯೇ ಸಹಿ ಮಾಡಿದ್ದೇನೆ.

ಇಂತಿ,
ಓದು ಬಂದೂ ಒಮ್ಮೆ ಓದದೆ ಕೆಟ್ಟ
ಸಿದ್ರಾಮ
ನೂಲ, ತಾ. ಗಡಹಿಂಗ್ಲಜ
ಮೇ ೧೯೬೩