ಪಡುಬದಿಯ ಕೋಣೆ

ಕೊಡಿಯಾಲ್‌ಬೈಲ್, ಮಂಗಳೂರು
೯ನೇ ಮಾರ್ಚಿ ೧೯೩೭

ನನ್ನ ಮುದ್ದು ತಂಗಿ ಕಿನ್ನಿಗೆ ಅಕ್ಕನ ಪ್ರೀತಿ.

ಗಂಡನ ಪೆಟ್ಟು ಇನ್ನು ತಡೆಯಲಾರೆ, ಅಕ್ಕಾ, ನಿನ್ನ ಹೊಸ ಮನೆ ಕಟ್ಟಿ ಮುಗಿದ ಕೂಡಲೇ ಬಂದುಬಿಡುತ್ತೇನೆ ಎಂದು ನೀನು ಬರೆದದ್ದನ್ನು ಓದಿದಂದಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಮನೆ ಮುಗಿಯುವುದಿರಲಿ, ಇನ್ನೂ ಪಾಯವನ್ನೇ ತೋಡಿಲ್ಲ. ಅಕ್ಕ ಉದಾಸೀನ ಮಾಡಿದಳೆಂದು ಮಾತ್ರ ತಿಳಿಯಬೇಡ.

ನಮ್ಮ ಹಳ್ಳಿಯಂತಲ್ಲ ಇಲ್ಲಿ. ನನ್ನ ಈ ಮುಳಿಹುಲ್ಲಿನ ಗುಡಿಸಲು ತೆಗೆದು ಹೆಂಚಿನ ಮನೆ ಕಟ್ಟಲು ಮುನಿಸಿಪಾಲಿಟಿಯ ಅಪ್ಪಣೆ ಬೇಕು. ನಕ್ಷೆ ಬರೆಸಿ ಅರ್ಜಿ ಹಾಕಬೇಕು. ಓವರ್‌ಸಿಯರ್ ಬಂದು ಜಾಗ ನೋಡಬೇಕು. ನೆರೆಯವರ ತಕರಾರಿದ್ದರೆ ಅದನ್ನೂ ಕೇಳಬೇಕು. ನಾನು ಎದುರಿಗೆ ಗಂಜಿ ಊಟದ ಅಂಗಡಿ, ಮೂಡುಬದಿಗೆ ಅಡಿಗೆಮನೆ, ಪಡುಬದಿಗೆ ಒಂದು ಕೋಣೆ ಎಂದು ಬರೆಸಿದ್ದೆ. ಮೂಡಣ ನೆರೆಯ ಅಕ್ಕಿ ವ್ಯಾಪಾರಿ ಅಬ್ದುಲ್ಲ ಬ್ಯಾರಿಗಳು ತಕರಾರು ಕೊಟ್ಟರು. ನನ್ನ ಒಲೆಯ ಹೊಗೆ ನೇರ ಅವರ ತಾಯಿಯ ಕಿಟಕಿಗೇ ಹೋಗುತ್ತದಂತೆ.

ಆಫೀಸಿನಲ್ಲಿ ಅಷ್ಟು ಜನರೆದುರು ನಾನು ಕೂಗಾಡಿಬಿಟ್ಟೆ. "ನನ್ನ ಒಲೆಯೇ ನಿಮ್ಮ ಕಣ್ಣಿಗೆ ಬಿತ್ತಾ?" ಎಂದೆ.

ಅವರು ಸ್ವರ ಏರಿಸಲಿಲ್ಲ. "ದೇಯಕ್ಕ, ನನಗೆ ಎಂತ ದ್ವೇಷವೂ ಇಲ್ಲ. ಉಮ್ಮನಿಗೆ ದಮ್ಮು ಉಂಟು. ಒಮ್ಮೆ ಬಂದು ನೋಡಿ," ಎಂದರು.

ಮೂಡುಬದಿಯನ್ನು ಖಾಲಿ ಬಿಟ್ಟು, ಒಲೆಯನ್ನು ಪಡುಬದಿಗೆ ಹಾಕಿ ಬೇರೆ ನಕ್ಷೆ ತಂದರೆ ಅಪ್ಪಣೆ ಸಿಗುತ್ತದೆಂದು ಓವರ್‌ಸಿಯರ್ ಹೇಳಿದರು.

ಸಂಜೆ ಅವರ ಮನೆಗೆ ಹೋದೆ. ನಿಜ ಹೇಳಬೇಕೆಂದರೆ, ಜಗಳಕ್ಕೇ ಹೋದದ್ದು. ಆ ಮುದುಕಿ ಮಡಿಲಲ್ಲಿ ತಲೆದಿಂಬು ಇಟ್ಟುಕೊಂಡು, ಅದರ ಮೇಲೆ ಬಗ್ಗಿ ಉಸಿರು ಎಳೆಯುತ್ತಿದ್ದರು. ನನ್ನನ್ನು ಕಂಡು "ಕೂತುಕೋ" ಎನ್ನಲು ಬಾಯಿ ತೆರೆದರು, ಸ್ವರ ಹೊರಡಲಿಲ್ಲ. ಚಾಪೆಯನ್ನು ತೋರಿಸಿದರು. ಜಗಳ ಮರೆತು, ಅವರ ಬೆನ್ನು ನೀವಿ ಎದ್ದು ಬಂದೆ.

ನಕ್ಷೆ ಬದಲಾಯಿಸಿದೆ. ನಿನ್ನೆ ಅಪ್ಪಣೆ ಬಂತು. ಕೆಂಪುಕಲ್ಲು ತರಲು ಅಬ್ದುಲ್ಲ ಬ್ಯಾರಿಗಳೇ ತಮ್ಮ ಗಾಡಿ ಕಳಿಸುತ್ತಾರಂತೆ. ಮಳೆಗಾಲದೊಳಗೆ ಹೆಂಚು ಹೊದಿಸಬಹುದು. ಅಲ್ಲಿಯವರೆಗೆ ಧೈರ್ಯವಾಗಿರು.

ನಿನ್ನ ಅಕ್ಕ,
ದೇಯಿ

ಮತ್ತೆ ಸೇರಿಸಿದ್ದು: ಮಡಚುವ ಮೊದಲು ಓದಿ ನೋಡಿದೆ. "ಧೈರ್ಯವಾಗಿರು" ಎಂದು ಬರೆದ ಕೈಗೆ ನಾಚಿಕೆಯಾಯಿತು. ಪಡುಬದಿಯ ಕೋಣೆ ನಿನ್ನದಾಗಿತ್ತು ಕಿನ್ನಿ. ಈಗ ಅಲ್ಲಿ ಒಲೆ ಬರುತ್ತದೆ. ಅಂಗಡಿ ಬಿಟ್ಟರೆ ನಮ್ಮಿಬ್ಬರ ಹೊಟ್ಟೆಗೆ ದಾರಿಯಿಲ್ಲ, ಹಾಗಾಗಿ ಒಪ್ಪಿದೆ. ಹೇಳಿದರೆ ನೀನು ಅಲ್ಲೇ ಉಳಿದುಬಿಟ್ಟೀಯೆಂಬ ಹೆದರಿಕೆಯಿಂದ ಮೇಲೆ ಬರೆಯಲಿಲ್ಲ. ಗೋಡೆ ಏಳಲೆಂದು ಕಾಯುತ್ತಾ ನಿನ್ನನ್ನು ಆ ಮನೆಯಲ್ಲಿ ಬಿಟ್ಟದ್ದೇ ನನ್ನ ತಪ್ಪು. ಇನ್ನು ಕಾಯುವುದಿಲ್ಲ. ಸದ್ಯ ಈ ಗುಡಿಸಲಲ್ಲಿ, ಮನೆಯಾದ ಮೇಲೆ ಅಂಗಡಿಯಲ್ಲೇ ಚಾಪೆ ಹಾಸಿ ಇಬ್ಬರೂ ಮಲಗೋಣ. ಈ ಕಾಗದವನ್ನು ಬಸ್ಸಿನ ಕಂಡಕ್ಟರ್ ಹಾಶಿಂ ನಿನ್ನ ಕೈಗೇ ಕೊಡುತ್ತಾನೆ. ಶುಕ್ರವಾರ ಬೆಳಿಗ್ಗೆ ಅದೇ ಬಸ್ಸಿನಲ್ಲಿ ನಾನು ಬರುತ್ತೇನೆ. ನೀರಿಗೆ ಹೋಗುವವಳ ಹಾಗೆ ಕೊಡ ಹಿಡಿದು ರಸ್ತೆಗೆ ಬಾ. ಬಟ್ಟೆ ಗಂಟು ಕಟ್ಟಬೇಡ, ನಿನ್ನ ಗಂಡನ ಮನೆಯವರಿಗೆ ಅನುಮಾನ ಬಂದೀತು. ಉಟ್ಟ ಸೀರೆಯಲ್ಲೇ ಬಾ.